ಒಂದು ಹಾಡು, ನಾಲ್ಕು ಅಂಗಳ



ಕಳೆದ ಶಿವರಾತ್ರಿಯ ಜಾಗರಣೆಯಲ್ಲಿ ಮೊಮ್ಮಗಳು ತನ್ನ ಮೊಬೈಲಿನಲ್ಲಿ ‘ಕೋಲುಮಂಡೆ ಜಂಗಮ’ದ ಹಾಡನ್ನು ನಾಲ್ಕೈದು ಕಂಠಗಳಲ್ಲಿ ಒಂದರ ಹಿಂದೊಂದರಂತೆ ಕೇಳಿಸಿದಳು. “ತಾತ, ಒಬ್ಬೊಬ್ಬರು ಒಂದೊಂದು ರೀತಿ ಹಾಡುತ್ತಾರಲ್ಲ, ಇದರಲ್ಲಿ ಸರಿಯಾದದ್ದು ಯಾವುದು?” ಎಂದು ಕೇಳಿದಳು. ಬದುಕಿನ ಬಹುಭಾಗವನ್ನು ಕೆಂಪು ಶಾಯಿಯಲ್ಲಿ ಸರಿತಪ್ಪು ಗುರುತಿಸುವುದರಲ್ಲೇ ಕಳೆದ ನನಗೆ ಈ ಪ್ರಶ್ನೆ ಸುಲಭವಾಗಬೇಕಿತ್ತು. ಆಗಲಿಲ್ಲ. ಈ ಹಾಡಿನ ವಿಷಯದಲ್ಲಿ ನಾನೇ ಒಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ. ಅದನ್ನು ಹೇಳುವ ಮುನ್ನ ಹಾಡಿನ ನೆಲವನ್ನು ಸ್ವಲ್ಪ ಪರಿಚಯಿಸುತ್ತೇನೆ.

ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರುಗಳು ಇಂದು ಚಾಮರಾಜನಗರ ಜಿಲ್ಲೆಯ ಅಕ್ಕಪಕ್ಕದ ತಾಲ್ಲೂಕುಗಳು. ಹಿಂದೆ ಹಾಗಿರಲಿಲ್ಲ. ಯಳಂದೂರು ಮೈಸೂರು ಸಂಸ್ಥಾನದೊಳಗಿದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದಿತ್ತು. ಹನೂರನ್ನೂ ಒಳಗೊಂಡ ಕೊಳ್ಳೇಗಾಲ ಸೀಮೆಯಾದರೋ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. ಎರಡು ಸರ್ಕಾರ, ಎರಡು ಬಗೆಯ ಕಾಗದಪತ್ರ. ಆದರೆ ಮಲೆ ಮಾದಪ್ಪನ ಪರಸೆಗೆ ಹೊರಟವರಿಗೆ ಗಡಿಯ ಲೆಕ್ಕವಿರಲಿಲ್ಲ. ಅವರ ದಾರಿ ಒಂದೇ, ಹಾಡೂ ಒಂದೇ. ಈ ಮೂರು ತಾಲ್ಲೂಕುಗಳನ್ನು ಬಹುಕಾಲ ಒಂದಾಗಿ ಇರಿಸಿದ್ದು ಕಂಸಾಳೆಯ ದನಿಯೆಂದರೆ ಅತಿಶಯೋಕ್ತಿಯಲ್ಲ.

ಈ ಹಾಡನ್ನು ನಾನು ಮೊದಲು ಕೇಳಿದ್ದು ಮನೆಯ ಬಾಗಿಲಲ್ಲಿ. ಮಾದಪ್ಪನಿಗೆ ಹರಕೆಹೊತ್ತು ದೀಕ್ಷೆ ಪಡೆದ ದೇವರಗುಡ್ಡರಿಗೆ ಭಿಕ್ಷೆ ಬೇಡುವುದು ಹೊಟ್ಟೆಪಾಡಿಗಿಂತ ಮೊದಲು ವ್ರತ. ಕೊರಳಲ್ಲಿ ರುದ್ರಾಕ್ಷಿ, ಹೆಗಲಿಗೆ ಜೋಳಿಗೆ, ಎಡಗೈಯಲ್ಲಿ ಬಟ್ಟಲಾಕಾರದ ತಾಳ, ಬಲಗೈಯಲ್ಲಿ ಚಪ್ಪಟೆಯ ತಾಳ. ಈ ಜೋಡಿಯೇ ಕಂಸಾಳೆ. ಬಾಗಿಲಿಗೆ ಜಂಗಮನು ಬಂದಿದ್ದಾನೆ, ನೀಡಿರಿ ಎಂಬುದಷ್ಟೇ ಹಾಡಿನ ತಿರುಳು. ಇಲ್ಲಿ ಹಾಡಿನ ಉದ್ದವನ್ನು ನಿರ್ಧರಿಸುವವನು ಹಾಡುಗಾರನಲ್ಲ, ಮನೆಯೊಡತಿ. ನಮ್ಮ ತಾಯಿ ಒಲೆಯ ಮುಂದಿದ್ದರೆ ಹಾಡು ನಾಲ್ಕು ಸುತ್ತು ಹೆಚ್ಚು ಬೆಳೆಯುತ್ತಿತ್ತು. ಮೊರದಲ್ಲಿ ರಾಗಿ ಹಿಡಿದು ಆಗಲೇ ಹೊಸಿಲಲ್ಲಿ ನಿಂತಿದ್ದರೆ ಎರಡೇ ಸುತ್ತಿಗೆ ಮುಗಿಯುತ್ತಿತ್ತು. ರಾಗಿ ಜೋಳಿಗೆಗೆ ಬಿದ್ದೊಡನೆ ಹಾಡು ನಿಂತು ಹರಕೆಯ ಮಾತಾಗುತ್ತಿತ್ತು.

ಅದೇ ಹಾಡುಗಾರರು ರಾತ್ರಿ ಕಥೆಗೆ ಕುಳಿತರೆ ಹಾಡಿನ ಚಹರೆಯೇ ಬೇರೆ. ಮಾದೇಶ್ವರನ ಕಾವ್ಯ ‘ಸಾಲು’ಗಳಾಗಿ ಹರಡಿಕೊಂಡಿರುವುದು ನಿಮಗೆ ತಿಳಿದದ್ದೇ. ಭಿಕ್ಷೆಗೆ ಬಂದ ಜಂಗಮನನ್ನು ಸಿರಿಯ ಸೊಕ್ಕಿನಿಂದ ಕಡೆಗಣಿಸಿ ಕೆಟ್ಟ ಬೇವಿನಹಟ್ಟಿ ಕಾಳಮ್ಮನದು ಒಂದು ಸಾಲು. ಕಾಡಿಗೆ ಹೊರಟ ಗಂಡ ನೀಲೇಗೌಡನು ಶೀಲಕ್ಕೆ ಭಾಷೆ ಕೊಡೆಂದು ಪೀಡಿಸಿದಾಗ, ಭಾಷೆ ಕೊಡೆನೆಂದು ನಿಂತು ಸಂಕಟಪಟ್ಟು, ಮಾದಪ್ಪನ ವರದಿಂದ ಕಾರಯ್ಯ ಬಿಲ್ಲಯ್ಯರೆಂಬ ಅವಳಿ ಮಕ್ಕಳನ್ನು ಪಡೆದ ಸಂಕಮ್ಮನದು ಇನ್ನೊಂದು. ಜಂಗಮನು ಬಾಗಿಲಿಗೆ ಬರುವ ಸಂದರ್ಭ ಬಂದಾಗ ನಾನು ಕಂಡ ಹಾಡುಗಾರರು ಬೀದಿಯ ಅದೇ ಧಾಟಿಯನ್ನು ಹಿಡಿಯುತ್ತಿದ್ದರು. ಕಾಳಮ್ಮನ ಬಾಗಿಲಲ್ಲಿ ಅದು ಬಿರುಸಾಗಿ, ಎಚ್ಚರಿಕೆಯಂತೆ ಕೇಳುತ್ತಿತ್ತು. ಸಂಕಮ್ಮನ ಬಾಗಿಲಲ್ಲಿ ಇಳಿದು, ಬಹಳ ನಿಧಾನವಾಗಿ ಬರುತ್ತಿತ್ತು. ಏಕೆಂದರೆ ಅಲ್ಲಿ ಬೇಡುವವನೇ ಕೊಡಲು ಬಂದವನು. ಚಾಪೆಯ ಮೇಲೆ ಕುಳಿತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಈ ಕಥೆಗಳು ಕಾಗದಕ್ಕೂ ಇಳಿದಿವೆ. ಡಾ. ಪಿ.ಕೆ. ರಾಜಶೇಖರ ಅವರ ಸಂಗ್ರಹ 1973ರಲ್ಲಿ ಹೊರಬಂತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಕಾವ್ಯವನ್ನು ಡಾ. ಕೆ. ಕೇಶವನ್ ಪ್ರಸಾದ್ ಸಂಪಾದಿಸಿದರು. ಇವು ದೊಡ್ಡ ಉಪಕಾರಗಳು. ಆದರೆ ಯಾವ ಪುಟದಲ್ಲಿ ಹಾಡು ಬಿರುಸಾಯಿತು, ಎಲ್ಲಿ ಇಳಿಯಿತು ಎಂಬುದನ್ನು ಅಚ್ಚಿನ ಮೊಳೆ ಹೇಳಲಾರದು. ಹಾಡುಗಾರನ ಮುಂದೆ ಕುಳಿತೇ ಅದನ್ನು ತಿಳಿಯಬೇಕು.

ಮೂರನೆಯ ಅಂಗಳ ಬೆಟ್ಟದ ದಾರಿ. ತಾಳುಬೆಟ್ಟದಿಂದ ನಡೆದು ಹತ್ತುವ ಪರಸೆಯಲ್ಲಿ ಈ ಹಾಡು ಕೇಳಿಬಂದಾಗ ಒಂದು ವಿಶೇಷ ಗಮನಿಸಿದೆ: ಅಲ್ಲಿ ಕೇಳುಗರೇ ಇಲ್ಲ, ಎಲ್ಲರೂ ಹಾಡುವವರೇ. ಒಬ್ಬ ಎತ್ತಿಕೊಂಡ ಸೊಲ್ಲನ್ನು ಹಿಂದಿನ ತಿರುವಿನಲ್ಲಿದ್ದವರು ಮುಗಿಸುತ್ತಾರೆ. ಏದುಸಿರು ಬಂದಲ್ಲಿ ಸಾಲು ತುಂಡಾಗುತ್ತದೆ. ಶ್ರುತಿ ತಾಳದ ಮಾತು ಹಾಗಿರಲಿ, ಕಾಲು ಮುಂದೆ ಬಿದ್ದರೆ ಸಾಕು. ಸಂಗೀತ ಬಲ್ಲವರು ಇದನ್ನು ಹಾಡೆಂದು ಒಪ್ಪಲಾರರು. ನಡೆದವರು ಇದನ್ನು ಬಿಟ್ಟು ಬೇರೆಯದನ್ನು ಒಪ್ಪಲಾರರು.

ನಾಲ್ಕನೆಯದು ನಾಡೆಲ್ಲ ಬಲ್ಲದ್ದು. 1996ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಜನುಮದ ಜೋಡಿ’ ಚಿತ್ರದಲ್ಲಿ ವಿ. ಮನೋಹರ್ ಅವರ ಸಂಗೀತದಲ್ಲಿ ಎಲ್.ಎನ್. ಶಾಸ್ತ್ರಿಯವರು ಈ ಹಾಡನ್ನು ಹಾಡಿದರು. ಅದಕ್ಕಾಗಿ ರಾಜ್ಯ ಪ್ರಶಸ್ತಿಯನ್ನೂ ಪಡೆದರು. 2017ರಲ್ಲಿ ಅವರು ತೀರಿಕೊಂಡಾಗ ಜನ ಮೊದಲು ನೆನೆದ ಹಾಡುಗಳಲ್ಲಿ ಇದೂ ಒಂದು. ಚಿತ್ರ ಬಂದ ಮೇಲೆ ರಸಮಂಜರಿಯ ವೇದಿಕೆಗಳಲ್ಲೆಲ್ಲ ಇದೇ ಹಾಡು. ಅಲ್ಲಿ ಯಾರೂ ಹೊಸಿಲು ದಾಟಿ ಬರುವುದಿಲ್ಲ, ಯಾರ ಮೊರದಲ್ಲೂ ರಾಗಿಯಿಲ್ಲ. ಐದು ನಿಮಿಷಕ್ಕೆ ಹಾಡು ತಾನಾಗಿ ಮುಗಿಯುತ್ತದೆ; ಭಿಕ್ಷೆಯ ಬದಲು ಚಪ್ಪಾಳೆ. ಮೊದಲು ಕೇಳಿದಾಗ ನನಗೆ ಕೊಂಚ ಕಸಿವಿಸಿಯಾದುದು ನಿಜ. ಆದರೆ ಆ ಹಾಡಿನ ಒಂದು ಪದ ನನ್ನನ್ನು ಹಿಡಿದು ನಿಲ್ಲಿಸಿತು. ಶಾಸ್ತ್ರಿಯವರು ನಮ್ಮ ಸೀಮೆಯವರಂತೆಯೇ ‘ಕ್ವಾರುಣ್ಯ’ ಎಂದು ಹಾಡಿದ್ದರು.

ನನ್ನ ತಪ್ಪು ಇರುವುದು ಅಲ್ಲಿಯೇ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಶಾಲೆಯ ಸಮಾರಂಭಕ್ಕೆ ಹಾಡು ಆರಿಸುವಾಗ ದೇವರಗುಡ್ಡರ ಮನೆಯ ಹುಡುಗನೊಬ್ಬ ಇದೇ ಹಾಡನ್ನು ಎತ್ತಿದ. ನಾನು ನಡುವೆಯೇ ತಡೆದು, “ಕ್ವಾರುಣ್ಯ ಅಲ್ಲ, ಕಾರುಣ್ಯ. ಸರಿಯಾಗಿ ಹೇಳು” ಎಂದೆ. ತರಗತಿ ನಕ್ಕಿತು. ಹುಡುಗ ತಿದ್ದಿಕೊಳ್ಳಲಿಲ್ಲ, ಮುಂದುವರಿಸಲೂ ಇಲ್ಲ. ಸುಮ್ಮನೆ ಹೋಗಿ ಕುಳಿತ. ಆಮೇಲೆ ಶಾಲೆಯಲ್ಲಿ ಅವನು ಹಾಡಿದ್ದನ್ನು ನಾನು ಕೇಳಲಿಲ್ಲ.

ಕೆಲವು ದಿನಗಳ ಮೇಲೆ ಅವನ ತಂದೆ ಭಿಕ್ಷೆಗೆ ನಮ್ಮ ಬಾಗಿಲಿಗೆ ಬಂದರು. ಹಾಡು ಮುಗಿದ ಮೇಲೆ ನಾನು ಪಂಡಿತನಂತೆ ಅದೇ ಪ್ರಶ್ನೆ ಎತ್ತಿದೆ. ಅವರು ಕೋಪಿಸಿಕೊಳ್ಳಲಿಲ್ಲ. “ಕಾರುಣ್ಯ ಮಾದಪ್ಪ ಕೊಡಾದು ಮೇಷ್ಟ್ರೆ, ಕ್ವಾರುಣ್ಯ ನೀವು ಕೊಡಾದು” ಎಂದು ನಕ್ಕು, ಜೋಳಿಗೆ ಸರಿಮಾಡಿಕೊಂಡು ಮುಂದಿನ ಮನೆಗೆ ನಡೆದರು.

ಕೋರಣ್ಯವೆಂದರೆ ಬೇಡಿ ಪಡೆದ ಧಾನ್ಯ, ಭಿಕ್ಷೆ. ಕೋಣವನ್ನು ಕ್ವಾಣವೆಂದೂ, ಕೋಪವನ್ನು ಕ್ವಾಪವೆಂದೂ ಆಡುವ ನಮ್ಮ ಬಾಯಲ್ಲಿ ಅದು ಕ್ವಾರುಣ್ಯವಾಗಿದೆ. ಹಾಡು ಬೇಡುತ್ತಿದ್ದುದು ನನ್ನ ತಾಯಿಯ ಮೊರದಲ್ಲಿದ್ದ ರಾಗಿಯನ್ನು. ನಾನು ಅದನ್ನು ಒಂದು ಸಂಸ್ಕೃತ ಪದವಾಗಿ ತಿದ್ದಹೊರಟಿದ್ದೆ. ವ್ಯಾಕರಣ ಕಲಿತಿದ್ದ ನಾನು ಅರ್ಥ ಕಲಿತಿರಲಿಲ್ಲ.

ಮೊಮ್ಮಗಳಿಗೆ ಕೊನೆಗೆ ಹೀಗೆ ಹೇಳಿದೆ: “ಬಾಗಿಲಲ್ಲಿ ಹಾಡಿದ್ದು ಬಾಗಿಲಿಗೆ ಸರಿ, ಬೆಟ್ಟದ್ದು ಬೆಟ್ಟಕ್ಕೆ ಸರಿ. ವೇದಿಕೆಯದೂ ವೇದಿಕೆಗೆ ಸರಿಯೇ ಮಗು, ಆ ಪದವನ್ನು ಅವರು ಕೆಡಿಸಲಿಲ್ಲ. ಕೆಡಿಸಹೊರಟವನು ನಾನೊಬ್ಬನೇ.”

ಆ ಹುಡುಗ ಇಂದು ಅರವತ್ತರ ಸಮೀಪದಲ್ಲಿರಬೇಕು. ಎಲ್ಲಿದ್ದರೂ ಹಾಡುತ್ತಿರಲಿ ಎಂಬುದು ನನ್ನ ಹಾರೈಕೆ. ಅವನ ಜೊತೆ ಓದಿದವರು ಯಾರಾದರೂ ಅವನನ್ನು ಕಂಡರೆ, ಮೇಷ್ಟ್ರು ತಮ್ಮ ತಪ್ಪನ್ನು ತಿದ್ದಿಕೊಂಡಿದ್ದಾರೆ ಎಂದು ದಯವಿಟ್ಟು ತಿಳಿಸಿ.