ಕರುಳ ಹೊಲಿಗೆ: ಗೊದ್ದದಿಂದ ಜೀನಿನವರೆಗೆ

ಕರುಳಿನ ಆಪರೇಷನ್ ಆಗಿ ಮಲಗಿದವರನ್ನು ಡಾಕ್ಟರು ದಿನವೂ ಕೇಳುವ ಪ್ರಶ್ನೆ ಒಂದೇ: 'ಗ್ಯಾಸ್ ಹೋಯಿತಾ?' ನಮ್ಮ ದೊಡ್ಡನೆಕ್ಕುಂದಿ, ವೈಟ್‌ಫೀಲ್ಡ್ ಕಡೆಯ ಆಸ್ಪತ್ರೆಗಳಲ್ಲೂ ಇದನ್ನು ಕೇಳಿ ಮನೆಯವರು ಮುಸಿಮುಸಿ ನಗುವುದುಂಟು. ಕರುಳು ಮತ್ತೆ ಕೆಲಸ ಹಿಡಿದಿದೆ ಎಂಬುದಕ್ಕೆ ಅದು ಗುರುತು. ಡಾಕ್ಟರಿಗಿರುವ ದೊಡ್ಡ ಭಯ ಬೇರೆ. ಹೊಲಿದ ಜಾಗ ಬಿಟ್ಟುಕೊಂಡು ಹೊಟ್ಟೆಯೊಳಗೆ ಮಲ ಸೋರಿದರೆ ಜೀವಕ್ಕೇ ಸಂಚಕಾರ.

ಈ ಭಯ ಬಹಳ ಹಳೆಯದು. ತೂತಾದ ಕರುಳಿನ ಅಂಚುಗಳನ್ನು ಕೂಡಿಸಿ ಕರಿ ಇರುವೆಗಳಿಂದ ಕಚ್ಚಿಸಬೇಕು, ಕಚ್ಚಿದೊಡನೆ ಮುಂಡ ಕತ್ತರಿಸಿ ತಲೆಯನ್ನು ಅಲ್ಲೇ ಬಿಡಬೇಕು ಎನ್ನುತ್ತದೆ ಸುಶ್ರುತ ಸಂಹಿತೆ. ಗೊದ್ದ ಕಚ್ಚಿಸಿಕೊಂಡವರಿಗೆ ಆ ಹಿಡಿತ ಎಂಥದೆಂದು ಹೇಳಬೇಕಿಲ್ಲ!

ಕರುಳಿನ ಹೊರಪೊರೆಗೆ ಹೊರಪೊರೆ ತಾಗುವಂತೆ ಹೊಲಿಯುವ ಕ್ರಮವನ್ನು ಫ್ರಾನ್ಸಿನ ಲಾಂಬೇರ್ 1826ರಲ್ಲಿ ತಿಳಿಸಿದ. 1881ರಲ್ಲಿ ವಿಯೆನ್ನಾದ ಬಿಲ್‌ರೋತ್, ಕ್ಯಾನ್ಸರ್ ಹಿಡಿದ ಜಠರದ ಭಾಗ ತೆಗೆದು ಉಳಿದದ್ದನ್ನು ಕರುಳಿಗೆ ಜೋಡಿಸಿದ. ಹೊಲಿಗೆ ನಿಂತಿತು. ಆದರೆ ಕೆಲವೇ ತಿಂಗಳಲ್ಲಿ ಕ್ಯಾನ್ಸರ್ ಮರಳಿ ಆ ಹೆಂಗಸು ತೀರಿಕೊಂಡಳು.

ದಾರ ಹಿಡಿದಿರುತ್ತದೆ ಅಷ್ಟೆ, ಕೂಡಿಸುವುದು ದೇಹವೇ. ಮೊದಲ ಮೂರು ನಾಲ್ಕು ದಿನ ಅಂಚಿನಲ್ಲಿ ಕೊಲಾಜನ್ ಎಂಬ ಹಳೆಯ ನಾರು ಕರಗುವುದೇ ಹೆಚ್ಚು, ಹೊಸದು ಹುಟ್ಟುವುದು ಕಡಿಮೆ. ಜೀನ್ ಚಿಕಿತ್ಸೆಯ ಕಣ್ಣಿರುವುದು ಈ ದಿನಗಳ ಮೇಲೆ. ರಕ್ತನಾಳ ಬೆಳೆಸುವ 'ವಿಇಜಿಎಫ್' ಎಂಬ ಪ್ರೋಟೀನನ್ನು ಹಾಗೆಯೇ ಹಚ್ಚಿದರೆ ಗಾಯದ ಕಿಣ್ವಗಳು ಬೇಗನೆ ಒಡೆದುಹಾಕುತ್ತವೆ. ಬದಲಿಗೆ ಅದರ ಜೀನನ್ನೇ ಅಂಚಿನ ಜೀವಕೋಶಗಳಿಗೆ ಸೇರಿಸಿದರೆ, ಅವೇ ಕೆಲವು ದಿನ ಅದನ್ನು ತಯಾರಿಸಿಕೊಳ್ಳುತ್ತವೆ. ಇಲಿಗಳ ಮೇಲೆ ಇಂಥ ಪ್ರಯೋಗಗಳಾಗಿವೆ. ಮನುಷ್ಯರ ಆಪರೇಷನ್ ಕೋಣೆಗೆ ಅದಿನ್ನೂ ಬಂದಿಲ್ಲ.

ತೊಡಕು ಇರುವುದು ಇಲ್ಲಿಯೇ. ಕರುಳು ಕತ್ತರಿಸುವುದು ಬಹಳ ಸಲ ಕ್ಯಾನ್ಸರಿಗಾಗಿ; ಉಳಿದಿರಬಹುದಾದ ಕ್ಯಾನ್ಸರ್ ಕೋಶಕ್ಕೂ ಹೊಸ ರಕ್ತನಾಳವೇ ಬೇಕು. ಇದೇ ಪ್ರೋಟೀನನ್ನು ಕಟ್ಟಿಹಾಕುವ ಬೆವಸಿಝುಮಾಬ್ ಎಂಬ ಔಷಧಕ್ಕೆ 2004ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟದ್ದು, ಹರಡಿದ ದೊಡ್ಡಕರುಳಿನ ಕ್ಯಾನ್ಸರಿಗಾಗಿ. ಅದನ್ನು ತೆಗೆದುಕೊಳ್ಳುವವರಿಗೆ ಆಪರೇಷನ್ ಬೇಕಾದರೆ ಕನಿಷ್ಠ 4 ವಾರ ಮೊದಲೇ ಔಷಧ ನಿಲ್ಲಿಸುತ್ತಾರೆ, ಗಾಯ ಮಾಯುವುದಿಲ್ಲವೆಂದು. ಗಾಯಕ್ಕೆ ಬೇಕಾದದ್ದೇ ಕ್ಯಾನ್ಸರಿಗೂ ಬೇಕು ಎಂದಾದರೆ ವೈದ್ಯರು ಏನು ಮಾಡಬೇಕು?

ಜೀನ್ ಚಿಕಿತ್ಸೆ ಬೆಂಗಳೂರಿಗೆ ಅಪರಿಚಿತವೇನಲ್ಲ. ಇಲ್ಲಿನ ಇಮ್ಯುನೀಲ್ ಸಂಸ್ಥೆ ಒಂದು ಬಗೆಯ ಲಿಂಫೋಮಾ ಕ್ಯಾನ್ಸರಿಗೆ 2025ರಲ್ಲಿ ಅಂಥ ಚಿಕಿತ್ಸೆ ತಂದಿತು. ಅದರಲ್ಲಿ ರೋಗಿಯ ರಕ್ತಕೋಶಗಳನ್ನು ಹೊರತೆಗೆದು, ಜೀನ್ ಸೇರಿಸಿ, ಪರೀಕ್ಷಿಸಿ ವಾಪಸು ಕೊಡಲು ಸಮಯವಿದೆ. ಹೊಲಿದ ಕರುಳನ್ನು ಹಾಗೆ ಹೊರಗಿಟ್ಟುಕೊಳ್ಳಲಾದೀತೇ? ಸದ್ಯಕ್ಕೆ ಸರ್ಜನ್ನರು ಅಂಚಿನಲ್ಲಿ ರಕ್ತ ಆಡುತ್ತಿದೆಯೇ ಎಂದು ನೋಡಿ ಹೊಲಿಯುತ್ತಾರೆ. ಗುದದ್ವಾರದ ಸಮೀಪದ ಜೋಡಣೆಯಾದರೆ ಹಲವರಿಗೆ ಮಲವನ್ನು ಕೆಲಕಾಲ ಹೊಟ್ಟೆಯ ಮೇಲಿನ ಚೀಲಕ್ಕೆ ತಿರುಗಿಸಿ, ಗಾಯ ಮಾಯ್ದ ಮೇಲೆ ಇನ್ನೊಂದು ಆಪರೇಷನ್ ಮಾಡಿ ಸರಿಪಡಿಸುತ್ತಾರೆ.