ಲೆಕ್ಕ ಬರೆದವರು, ಸಹಿ ಮಾಡಿದವರು

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಅಡತಿ ಅಂಗಡಿಗಳಿಗೆ ಹೊಸ ವರ್ಷ ಹುಟ್ಟುತ್ತಿದ್ದದ್ದು ದೀಪಾವಳಿಯ ಪಾಡ್ಯಕ್ಕೆ. ಹೊಸ ಕಿರ್ದಿ ಪುಸ್ತಕಕ್ಕೆ ಅರಿಷಿಣ ಕುಂಕುಮ ಏರಿಸಿ, ಮೊದಲ ಪುಟಕ್ಕೆ ‘ಶ್ರೀ’ ಬರೆದು, ಹಳೆಯ ಬಾಕಿಯನ್ನು ಹೊಸ ಖಾತೆಗೆ ಎಳೆದರೆ ಒಂದು ವರ್ಷ ಮುಗಿದಂತೆ. ಈ ಭಾಗ 1956ರವರೆಗೆ ಮುಂಬಯಿ ಪ್ರಾಂತದಲ್ಲಿದ್ದದ್ದರಿಂದ ಹಳೆಯ ಲೆಕ್ಕಪತ್ರಗಳು ಎಷ್ಟೋ ಮೋಡಿ ಲಿಪಿಯಲ್ಲಿರುತ್ತಿದ್ದವು. ಮೋಡಿ ಗಂಡಸರ ಅಕ್ಷರ, ಹೆಂಗಸರದು ಬಾಯಿಲೆಕ್ಕ. ಕಾಯಿಪಲ್ಲೆ ಹೆಚ್ಚುತ್ತಲೇ ಪಾವಕಿ, ದೀಡಕಿ ಮಗ್ಗಿ ಹೇಳುವ ಅಜ್ಜಿಯರನ್ನು ನಿಮ್ಮಲ್ಲಿಯೂ ಕೆಲವರು ಕಂಡಿರಬೇಕು. ಬೆಲ್ಲದ ಪೆಂಟಿ ಇಷ್ಟು ತೂಗಿದರೆ, ಅಡತಿ ಹಮಾಲಿ ಕಳೆದು ರೈತನ ಕೈಗೆ ಎಷ್ಟು ಎಂಬುದನ್ನು ಬೆರಳ ಗೆಣ್ಣಿನ ಮೇಲೆ ಎಣಿಸಿ ಹೇಳಿಬಿಡುತ್ತಿದ್ದರು. ಹೆಂಗಸರಿಗೆ ಲೆಕ್ಕ ಬಾರದು ಎಂಬ ಮಾತು ಎಲ್ಲಿಂದ ಹುಟ್ಟಿತೋ, ನಾನಂತೂ ಕಾಣೆ.

ಆದರೆ ಲೆಕ್ಕ ಬರುವುದು ಬೇರೆ, ‘ಈ ಲೆಕ್ಕ ಸರಿಯಾಗಿದೆ’ ಎಂದು ನಾಲ್ಕು ಜನ ನಂಬುವಂತೆ ಸಹಿ ಮಾಡುವುದು ಬೇರೆ. ಆ ಸಹಿಗೆ ಸರಕಾರದ ಪರವಾನಗಿ ಬೇಕು.

ಗೋಕಾಕ ಫಾಲ್ಸಿನ ಗಿರಣಿಯ ಕಂಪನಿ 1885ರಲ್ಲಿ ಹುಟ್ಟಿತು. ಘಟಪ್ರಭೆಯ ನೀರಿನ ಬಲದಿಂದ ಇಲ್ಲಿ ನೂಲು ತೆಗೆದರೂ ಅದರ ಕಾರಭಾರ ಮುಂಬಯಿಯ ಫೋರ್ಬ್ಸ್ ಕಂಪನಿಯ ಕೈಯಲ್ಲಿತ್ತು. ಮುಂಬಯಿಯಲ್ಲೋ ಮದ್ರಾಸಿನಲ್ಲೋ ಕೂತ ಶೇರುದಾರ ಗಿರಣಿಯನ್ನು ಕಣ್ಣಿಂದ ನೋಡಿರುವುದಿಲ್ಲ, ಅವನು ನೋಡುವುದು ವರ್ಷಕ್ಕೊಮ್ಮೆ ಬರುವ ಲೆಕ್ಕವನ್ನು. ಆ ಲೆಕ್ಕಕ್ಕೆ ಯಾರ ಸಹಿ ಇರಬೇಕು ಎಂಬ ಪ್ರಶ್ನೆಗೆ 1913ರ ಕಂಪನಿ ಕಾಯಿದೆ ಉತ್ತರ ಹೇಳಿತು: ಆಡಿಟರನಿಗೆ ನಿಗದಿಯಾದ ಅರ್ಹತೆ ಬೇಕು. 1918ರಲ್ಲಿ ಮುಂಬಯಿಯಲ್ಲಿ ಜಿ.ಡಿ.ಎ. ಎಂಬ ಸರಕಾರಿ ಡಿಪ್ಲೊಮಾ ಶುರುವಾಯಿತು. ಪರೀಕ್ಷೆ ಪಾಸಾದರಷ್ಟೇ ಸಾಲದು, ಮಾನ್ಯತೆ ಪಡೆದ ಅಕೌಂಟಂಟರೊಬ್ಬರ ಕೈಕೆಳಗೆ ಮೂರು ವರ್ಷ ಉಮೇದವಾರಿ ಮಾಡಬೇಕು. ಆಗ ಉಮೇದವಾರನೇ ಗುರುವಿಗೆ ಪ್ರೀಮಿಯಂ ಎಂದು ಹಣ ತೆರುವ ಪದ್ಧತಿಯೂ ಇತ್ತು. ಮುಂಬಯಿಯಲ್ಲಿ ಇರಲು ಖೋಲಿ, ಊಟಕ್ಕೆ ಖಾನಾವಳಿ, ಗುರುವಿಗೆ ಗಂಟು! ಹುಕ್ಕೇರಿಯ ಗಂಡುಹುಡುಗನಿಗೇ ಇದು ಕಷ್ಟ, ಇನ್ನು ಹೆಣ್ಣುಮಕ್ಕಳ ಮಾತೇನು?

ಹೊರಗಿನ ಸೀಮೆಯಲ್ಲೂ ಬಾಗಿಲೇನು ತೆರೆದಿರಲಿಲ್ಲ ಅನ್ನಿ. ಇಂಗ್ಲೆಂಡಿನ ಮೇರಿ ಹ್ಯಾರಿಸ್ ಸ್ಮಿತ್ 1891ರಲ್ಲಿ ಅರ್ಜಿ ಹಾಕಿದಾಗ ಹೆಣ್ಣೆಂಬ ಕಾರಣಕ್ಕೆ ಅದನ್ನು ತಳ್ಳಿಹಾಕಿದರು. 1919ರಲ್ಲಿ ಕಾನೂನು ಬದಲಾಗಿ, 1920ರಲ್ಲಿ ಆಕೆ ಜಗತ್ತಿನ ಮೊದಲ ಮಹಿಳಾ ಚಾರ್ಟರ್ಡ್ ಅಕೌಂಟಂಟ್ ಆದಾಗ ವಯಸ್ಸು ಎಪ್ಪತ್ತೈದು. ನಮ್ಮ ದೇಶದಲ್ಲಿ ಮೊದಲಿಗರಾದವರು ಮದ್ರಾಸಿನ ಆರ್. ಶಿವಭೋಗಂ. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡು ಬಂದ ಹೆಣ್ಣುಮಗಳು 1933ರಲ್ಲಿ ಜಿ.ಡಿ.ಎ. ಪಾಸು ಮಾಡಿದರು. ಸೆರೆಮನೆಗೆ ಹೋದವರಿಗೆ ನೋಂದಣಿ ಇಲ್ಲ ಎಂಬ ನಿಯಮ ಅಡ್ಡ ಬಂತು. ಅವರು ಕೋರ್ಟಿಗೆ ಹೋಗಿ, ಗೆದ್ದು, 1937ರಲ್ಲಿ ಸ್ವಂತ ವೃತ್ತಿ ಆರಂಭಿಸಿದರು. 1949ರ ಜುಲೈ 1ರಂದು ಈಗಿನ ಚಾರ್ಟರ್ಡ್ ಅಕೌಂಟಂಟರ ಸಂಸ್ಥೆ ಹುಟ್ಟಿತು. ಅದರ ದಕ್ಷಿಣ ಪ್ರಾದೇಶಿಕ ಮಂಡಳಿಗೆ 1955ರಿಂದ ಮೂರು ವರ್ಷ ಅಧ್ಯಕ್ಷರಾಗಿದ್ದವರು ಇದೇ ಶಿವಭೋಗಂ.

ಇತ್ತ ನಮ್ಮ ತಾಲೂಕುಗಳಲ್ಲಿ ಸಿ.ಎ. ಎಂಬ ಎರಡಕ್ಷರ ಬಹುಕಾಲ ಯಾರಿಗೂ ಬೇಕಾಗಲಿಲ್ಲ. ನಮ್ಮಲ್ಲಿ ದೊಡ್ಡ ಲೆಕ್ಕವೆಂದರೆ ಸಹಕಾರಿ ಸಂಘದ್ದು. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘ ಹುಟ್ಟಿದಾಗಿನಿಂದಲೂ ಸಂಘಗಳ ಆಡಿಟ್ ಸರಕಾರದವರ ಜವಾಬ್ದಾರಿಯಾಗಿತ್ತು. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಾಯಿತು. ದೇಶದಲ್ಲಿ ಮೊದಲು ಆದ ಅಂಥ ಐದು ಸಂಘಗಳಲ್ಲಿ ಅದೊಂದು. ಸಂಘಗಳು ಬೆಳೆದಂತೆ ಕಿರ್ದಿ ಬರೆಯುವವರ ನೌಕರಿ ಹೆಚ್ಚಿತೇ ಹೊರತು ಸಿ.ಎ. ಬೋರ್ಡು ಏರಲಿಲ್ಲ. ಅದನ್ನು ಏರಿಸಿದ್ದು 1984ರ ಹಣಕಾಸು ಕಾಯಿದೆ. ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದ ವ್ಯಾಪಾರವಿದ್ದರೆ ಚಾರ್ಟರ್ಡ್ ಅಕೌಂಟಂಟರಿಂದ ಆಡಿಟ್ ಆಗಲೇಬೇಕು ಎಂದಿತು ಅದು. ಹತ್ತಿ ಜಿನ್ನು, ಸಗಟು ಕಿರಾಣಿ, ಗೊಬ್ಬರದ ಅಂಗಡಿಗಳೆಲ್ಲ ಒಮ್ಮೆಗೇ ಬೆಳಗಾವಿಯ ಬಸ್ಸು ಹತ್ತಿದವು. ನಾಲ್ಕೈದು ವರ್ಷದಲ್ಲಿ ಎಲ್ಲರ ಲೆಕ್ಕದ ವರ್ಷವೂ ಮಾರ್ಚ್ 31ಕ್ಕೇ ಮುಗಿಯಬೇಕೆಂಬ ಕಾನೂನೂ ಬಂತು. ಪಾಡ್ಯದ ಪೂಜೆ ಉಳಿಯಿತು, ಪಾಡ್ಯದ ವರ್ಷ ಹೋಯಿತು.

ಆ ಹೊತ್ತಿಗೇ, 1986ರಲ್ಲಿ, ನಮ್ಮ ಕಾಕಾನ ಮಗಳು ಬಿ.ಕಾಂ. ಮುಗಿಸಿದಳು. ಸಿ.ಎ. ಮಾಡುತ್ತೇನೆಂದು ಹಟ. ಪ್ರತಿ ವಿಷಯಕ್ಕೆ 40, ಗುಂಪಿಗೆಲ್ಲ ಸೇರಿ ಶೇಕಡಾ 50 ಬರಬೇಕು. ಅದಕ್ಕೆ ಅವಳು ಹೆದರುವವಳಲ್ಲ. ಹೆದರಿಸಿದ್ದು ಆರ್ಟಿಕಲ್‌ಶಿಪ್ಪಿನ ಮೂರು ವರ್ಷ. ಕಾಕಾ ಅವಳನ್ನು ಕರೆದುಕೊಂಡು ಬೆಳಗಾವಿಯ ಒಂದು ಆಫೀಸಿಗೆ ಹೋದರು. ಅಲ್ಲಿನ ಹಿರಿಯರು ಚಹಾ ತರಿಸಿದರು, ಅಂಕಪಟ್ಟಿ ನೋಡಿ ‘ಭೇಷ್’ ಎಂದರು. ಆಮೇಲೆ, “ಆಡಿಟ್ಟಿಗೆ ಊರೂರು ತಿರಗಬೇಕಾಗ್ತದರಿ, ರಾತ್ರಿ ಲಾಡ್ಜಿನ್ಯಾಗ ಉಳೀಬೇಕಾಗ್ತದ. ಹೆಣ್ಣುಮಕ್ಕಳನ್ನ ಹ್ಯಾಂಗ ಕಳಸೂದು?” ಎಂದರು. ಸ್ಟೈಪೆಂಡು ಎಂದು ಬರುವ ಹಣ ಖೋಲಿಯ ಬಾಡಿಗೆಗೂ ಸಾಲುತ್ತಿರಲಿಲ್ಲ. ಮರಳಿ ಬರುವಾಗ ಬಸ್ಸಿನಲ್ಲಿ ಕಾಕಾ ಮಾತಾಡಲಿಲ್ಲವಂತೆ. ಮುಂದಿನ ವರ್ಷ ಅವಳನ್ನು ಹುಕ್ಕೇರಿಗೆ ಕೊಟ್ಟರು.

ಅಲ್ಲಿ ಅವಳು ಸುಮ್ಮನೆ ಕೂಡಲಿಲ್ಲ. ಮನೆಯ ಪಡಸಾಲೆಯಲ್ಲಿ ಟೇಬಲ್ಲು ಹಾಕಿಕೊಂಡು ಏಳೆಂಟು ಅಂಗಡಿಗಳ ಲೆಕ್ಕ ಬರೆದಳು. ಕಿರ್ದಿ, ಖತಾವಣಿ, ತಾಳೆಪಟ್ಟಿ, ಬ್ಯಾಲೆನ್ಸ್ ಶೀಟು, ಎಲ್ಲ ಅವಳ ಕೈಯವೇ. ಕೊನೆಗೆ ಆ ಕಾಗದಗಳು ಒಂದು ಕೈಚೀಲದಲ್ಲಿ ಬೆಳಗಾವಿಗೆ ಹೋಗಿ ಸಹಿ, ಸಿಕ್ಕಾ ಹಾಕಿಸಿಕೊಂಡು ಬರುತ್ತಿದ್ದವು. ಅಂಗಡಿಯವರು ಸಹಿಗೆ ಕೊಟ್ಟ ಫೀಜು ಅವಳ ಹತ್ತು ತಿಂಗಳ ಸಂಬಳದಷ್ಟು. ಅದನ್ನು ನಗುತ್ತಲೇ ಹೇಳುತ್ತಿದ್ದಳು. ಆ ನಗೆ ನನಗೆ ಸೇರುತ್ತಿರಲಿಲ್ಲ. ಸಹಿಯೆಂದರೆ ಜವಾಬ್ದಾರಿ, ತಪ್ಪಿದರೆ ಪರವಾನಗಿಗೇ ಸಂಚಕಾರ, ಅದಕ್ಕೆ ಬೆಲೆ ಇರುವುದು ನ್ಯಾಯವೇ. ಆದರೆ ಆ ಜವಾಬ್ದಾರಿ ಹೊರಲು ಬಂದವಳನ್ನು ಚಹಾ ಕುಡಿಸಿ ಕಳಿಸಿದ್ದು ಯಾವ ನ್ಯಾಯ?

ಈಗ ಕಾಲ ತಿರುಗಿದೆ. ದೇಶದಲ್ಲಿ ನಾಲ್ಕು ಲಕ್ಷ ದಾಟಿರುವ ಸಿ.ಎ.ಗಳಲ್ಲಿ ಮೂರರಲ್ಲಿ ಒಂದು ಪಾಲಿನ ಹತ್ತಿರ ಹೆಂಗಸರಿದ್ದಾರೆ. 2023ರ ಹೊಸ ನಿಯಮದಲ್ಲಿ ಆರ್ಟಿಕಲ್‌ಶಿಪ್ ಎರಡೇ ವರ್ಷ. ಕಳೆದ ಶ್ರಾವಣದಲ್ಲಿ ಅವಳ ಸೊಸೆಯ ತಂಗಿ, ಮೂಡಲಗಿಯ ಹುಡುಗಿ, ಇಂಟರ್ ಮುಗಿಸಿ ಬಂದಿದ್ದಳು. ದೊಡ್ಡವರೆಲ್ಲ ಮಾರ್ಕ್ಸು ಎಷ್ಟು, ಇನ್ನೆಷ್ಟು ಪೇಪರು ಎಂದು ಕೇಳುತ್ತಿದ್ದರೆ, ನಮ್ಮವಳು ಒಳಗಿನಿಂದ ಚಹಾದ ತಾಟು ಹಿಡಿದು ಬಂದವಳು ಕೇಳಿದ್ದು ಒಂದೇ: “ಬೆಳಗಾವ್ಯಾಗ ಹಾಸ್ಟೆಲ್ ಸಿಕ್ಕತೇನವಾ?”