ಅಣ್ಣನ ತಂಡ, ತಮ್ಮನ ತಂಡ: ಕರ್ನಾಟಕದ ಸ್ವತಂತ್ರ ರಾಕ್ ಬ್ಯಾಂಡ್‌ಗಳ ಕಟ್ಟೋಣ

ಕನ್ನಡ ರಾಕ್ ಸಂಗೀತದ ಬಗ್ಗೆ ಈವರೆಗೆ ನಡೆದ ಚರ್ಚೆ ಹೆಚ್ಚಾಗಿ ಹಾಡುಗಳ ಸುತ್ತಲೇ ಇದೆ. ತತ್ವಪದಕ್ಕೆ ಗಿಟಾರ್ ಸೇರಿಸಿದ್ದು ಸರಿಯೋ ತಪ್ಪೋ ಎಂಬ ವಾದ ಸಾಕಷ್ಟು ಬೆಳೆದಿದೆ. ಆ ಹಾಡುಗಳನ್ನು ನುಡಿಸಿದವರು ಒಟ್ಟಾದದ್ದು ಹೇಗೆ, ಯಾವ ಒಪ್ಪಂದದ ಮೇಲೆ ಜೊತೆಗಿದ್ದರು, ಒಬ್ಬ ಬಿಟ್ಟುಹೋದಾಗ ಉಳಿದವರು ಏನು ಮಾಡಿದರು ಎಂಬ ಪ್ರಶ್ನೆಗಳು ಮಾತ್ರ ಸಂದರ್ಶನಗಳ ತಮಾಷೆ ಪ್ರಸಂಗಗಳಾಗಿಯೇ ಉಳಿದಿವೆ. ಈ ಲೇಖನದ ಆಸಕ್ತಿ ಅಲ್ಲಿದೆ. ತಂಡದೊಳಗಿನ ಗೆಳೆತನದ ಸ್ವರೂಪವೇ ಹಾಡಿನ ಭಾಷೆಯನ್ನೂ ತಂಡದ ಆಯುಷ್ಯವನ್ನೂ ನಿರ್ಧರಿಸಿತು ಎಂಬುದು ಇಲ್ಲಿನ ವಾದ. ಅದಕ್ಕೆ ಮೈಸೂರಿನ ಒಂದೇ ಮನೆಯಲ್ಲಿ ಬೆಳೆದ ಅಣ್ಣ ತಮ್ಮ ಕಟ್ಟಿದ ಎರಡು ತಂಡಗಳನ್ನು ಎದುರುಬದುರು ಇಟ್ಟು ನೋಡಬಹುದು: ರಘು ದೀಕ್ಷಿತ್ ಪ್ರಾಜೆಕ್ಟ್ ಮತ್ತು ವಾಸು ದೀಕ್ಷಿತರ ಸ್ವರಾತ್ಮ.

ಇವೆರಡಕ್ಕೂ ಮೊದಲು ಬೆಂಗಳೂರಿನ ರಾಕ್ ಇಂಗ್ಲಿಷಿನಲ್ಲೇ ಹಾಡುತ್ತಿತ್ತು. 1970ರ ದಶಕದಲ್ಲಿ ಹ್ಯೂಮನ್ ಬಾಂಡೇಜ್ ಇತ್ತು. 1980ರ ದಶಕದ ಕೊನೆಗೆ ಮಿಲೇನಿಯಂ, 1998ರಲ್ಲಿ ಕ್ರಿಪ್ಟೋಸ್ ಎಂಬ ಮೆಟಲ್ ತಂಡಗಳು ಬಂದವು. 1996ರಲ್ಲಿ ಕ್ರೈಸ್ಟ್ ಕಾಲೇಜಿನ ಹುಡುಗರು ಕಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್‌ನ ಹೆಸರೇ ಗೆಳೆಯರೊಳಗಿನ ಕೀಟಲೆಯಿಂದ ಹುಟ್ಟಿದ್ದು. ತಂಡದಲ್ಲಿ ಮೂವರು ಪೂರಾ ಮಲಯಾಳಿಗಳು, ಇನ್ನೊಬ್ಬ ಕಾಲುಭಾಗ ಮಲಯಾಳಿ. ಆ ಲೆಕ್ಕವೇ ಬ್ಯಾಂಡಿನ ಹೆಸರಾಯಿತು. ಹೊರಗಿನವರಿಗೆ ಅರ್ಥವಾಗದ ಇಂಥ ಒಳಮಾತುಗಳು ಕಾಲೇಜು ಬ್ಯಾಂಡಿನ ಮೊದಲ ಬಂಡವಾಳ. ಆದರೆ ಪದವಿ ಮುಗಿದು ಕೆಲಸ, ಮದುವೆ, ಬಾಡಿಗೆ ಎದುರಾದಾಗ ಆ ಬಂಡವಾಳ ಸಾಲುವುದಿಲ್ಲ.

ರಘು ಗಿಟಾರ್ ಹಿಡಿದದ್ದೂ ಗೆಳೆಯನೊಬ್ಬನ ಸವಾಲಿಗೆ. ಭರತನಾಟ್ಯ ಕಲಿಯುತ್ತಿದ್ದ ಹುಡುಗನನ್ನು ಕಾಲೇಜಿನಲ್ಲಿ ಛೇಡಿಸಿದ ಸಹಪಾಠಿಯೊಡನೆ ಪಂದ್ಯ ಕಟ್ಟಿ ಗಿಟಾರ್ ಕಲಿತೆನೆಂದು ಅವರೇ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ಮೈಕ್ರೋಬಯಾಲಜಿ ಓದಿ ಚಿನ್ನದ ಪದಕ ಪಡೆದವರು ಅವರು. 1990ರ ದಶಕದ ಕೊನೆಯಲ್ಲಿ ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಜೊತೆ ಅಂತರಾಗ್ನಿ ಎಂಬ ತಂಡ ಕಟ್ಟಿದರು. ಕರ್ನಾಟಕ ಸಂಗೀತದ ಪಿಟೀಲು, ಜನಪದದ ಲಯ, ಅಕೌಸ್ಟಿಕ್ ಗಿಟಾರ್ ಮೂರೂ ಅಲ್ಲಿ ಕೂಡಿದವು. ಆ ತಂಡ ಒಡೆದ ಮೇಲೆ ರಘು ಕಟ್ಟಿದ್ದು ಇನ್ನೊಂದು ಬ್ಯಾಂಡನ್ನಲ್ಲ, ‘ಪ್ರಾಜೆಕ್ಟ್’ ಅನ್ನು. ಬೇರೆ ಬೇರೆ ಹಿನ್ನೆಲೆಯ ವಾದಕರು ಬಂದುಹೋಗಬಹುದಾದ ತೆರೆದ ಮನೆ ಎಂದೇ ಅದನ್ನು ಕರೆದುಕೊಂಡರು. ನನ್ನ ದೃಷ್ಟಿಯಲ್ಲಿ ಇದು ಒಡಕಿನಿಂದ ಕಲಿತ ಪಾಠ. ಹಾಡು ಒಬ್ಬನದು, ಹೆಸರು ಒಬ್ಬನದು, ಜೊತೆಗಾರರು ಬದಲಾಗಬಹುದು ಎಂಬ ಕರಾರು ಶುರುವಿನಲ್ಲೇ ಇದ್ದರೆ ಯಾರು ಹೊರನಡೆದರೂ ತಂಡ ಸಾಯುವುದಿಲ್ಲ.

ಸಂಗೀತ ಕಂಪನಿಗಳ ಬಾಗಿಲಿಗೆ ಅಲೆದು ಸೋತಿದ್ದ ರಘು ಅವರ ಹಾಡುಗಳನ್ನು ಕೊನೆಗೆ ಆಲ್ಬಂ ಆಗಿ ಹೊರತಂದದ್ದು ಮುಂಬೈಯ ಸಿನಿಮಾ ಸಂಗೀತಗಾರರಾದ ವಿಶಾಲ್–ಶೇಖರ್, 2008ರಲ್ಲಿ. ಆ ಆಲ್ಬಂನ ಕನ್ನಡ ಹಾಡುಗಳಲ್ಲಿ ಶಿಶುನಾಳ ಶರೀಫರ ಗುಡುಗುಡಿಯ ಪದ ಮತ್ತು ಸೋರುವ ಮಾಳಿಗೆಯ ಪದ ಸೇರಿವೆ. ಸಿ. ಅಶ್ವತ್ಥ್ ಆ ಪದಗಳನ್ನು ಸುಗಮ ಸಂಗೀತವಾಗಿ ಮನೆಮನೆಗೆ ಮುಟ್ಟಿಸಿದ್ದರು. ರಘು ಅವನ್ನೇ ರಾಕ್ ವೇದಿಕೆಗೆ ಒಯ್ದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ನುಡಿಸಿದರು. ಮರುವರ್ಷ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ ಸಿಕ್ಕಿತು.

ತಮ್ಮನ ದಾರಿ ಬೇರೆ. 2002ರಲ್ಲಿ ವಾಸು ಆರಂಭಿಸಿದ ಸ್ವರಾತ್ಮ ಮೊದಲ ಕೆಲವು ವರ್ಷ ಅಸ್ಥಿರವಾಗಿಯೇ ಇತ್ತು. 2006ರಲ್ಲಿ ರೇಡಿಯೋ ಸಿಟಿ ಲೈವ್ ಸ್ಪರ್ಧೆ ಗೆದ್ದಿತು. ಬಾಸ್ ಗಿಟಾರಿನ ಜಿಷ್ಣು ದಾಸ್‌ಗುಪ್ತ, ತಾಳವಾದ್ಯದ ಪವನ್ ಕುಮಾರ್, ಡ್ರಮ್ಸ್‌ನ ಮಾಂಟ್ರಿ ಮ್ಯಾನುಯೆಲ್, ಗಿಟಾರಿನ ವರುಣ್ ಮುರಳಿ ತಂಡದ ಗಟ್ಟಿ ಬುಡವಾದರು. ಪಿಟೀಲಿನ ಜಾಗಕ್ಕೆ ಮುಂದೆ ಸಂಜೀವ್ ನಾಯಕ್ ಬಂದರು. ಇಲ್ಲಿ ಯಾರ ಹೆಸರೂ ಬ್ಯಾಂಡಿನ ಹೆಸರಲ್ಲ. ಕೀಲುಕುದುರೆಯ ಹಾಗೆ ಸೊಂಟಕ್ಕೆ ಕುದುರೆ ಕಟ್ಟಿಕೊಂಡು ವಾಸು ಕುಣಿದರೂ ಜನ ನೆನಪಿಟ್ಟುಕೊಂಡದ್ದು ಬಣ್ಣದ ಉಡುಪಿನ ಇಡೀ ತಂಡವನ್ನು.

ಈ ಸಮಪಾಲಿನ ಪರಿಣಾಮ ಭಾಷೆಯ ಮೇಲೆ ಎದ್ದು ಕಾಣುತ್ತದೆ. ಮನೆಮಾತು ಒಂದೇ ಅಲ್ಲದ ಗೆಳೆಯರು ಕೂಡಿದ್ದರಿಂದ ಹಾಡುಗಳಲ್ಲಿ ಹಿಂದಿಯ ಪಾಲು ದೊಡ್ಡದಾಯಿತು. 2009ರ ಮೊದಲ ಆಲ್ಬಂನಲ್ಲಿ ‘ಈ ಭೂಮಿ’ಯಂಥ ಕನ್ನಡ ಹಾಡಿದ್ದರೂ ಕಾವೇರಿ ಜಗಳವನ್ನು ನದಿಯ ಕಡೆಯಿಂದ ಹೇಳುವ ‘ಪ್ಯಾಸಿ’ ಹಿಂದಿಯಲ್ಲೇ ಇದೆ. ಕಾವೇರಿಯ ಅಳಲನ್ನು ಕನ್ನಡದ ಹುಡುಗರು ಹಿಂದಿಯಲ್ಲಿ ಹಾಡಬೇಕಾಯಿತೇ ಎಂದು ಬೇಸರಪಡುವವರಿದ್ದಾರೆ. ಬೇಸರ ನ್ಯಾಯವಾದದ್ದೇ. ಆದರೆ ಕಾರಣವನ್ನು ಮುಂಬೈ ಮಾರುಕಟ್ಟೆಗೆ ಮಾತ್ರ ಹೊರಿಸಿದರೆ ಅರ್ಧ ಸತ್ಯವಾದೀತು. ನಿರ್ಧಾರ ಒಬ್ಬನದಾದ ಅಣ್ಣನ ತಂಡದಲ್ಲಿ ಶರೀಫರ ಪದಕ್ಕೆ ತಕ್ಷಣ ಜಾಗ ಸಿಕ್ಕಿತು. ಎಲ್ಲರೂ ಒಪ್ಪಬೇಕಾದ ತಮ್ಮನ ತಂಡದಲ್ಲಿ ಎಲ್ಲರಿಗೂ ಬರುವ ಭಾಷೆಯೇ ಮುಂದಾಯಿತು.

ಅದೇ 2009ರಲ್ಲಿ ಬ್ರಿಟಿಷ್ ಕೌನ್ಸಿಲ್ಲಿನ ಸೌಂಡ್‌ಪ್ಯಾಡ್ ಯೋಜನೆ ಆರಿಸಿದ ನಾಲ್ಕು ಭಾರತೀಯ ತಂಡಗಳಲ್ಲಿ ಸ್ವರಾತ್ಮವೂ ಒಂದು. ರೇಡಿಯೋಹೆಡ್ ತಂಡದ ‘ದ ಬೆಂಡ್ಸ್’ ರೂಪಿಸಿದ ಜಾನ್ ಲೆಕಿ ಈ ತಂಡಗಳ ಧ್ವನಿಮುದ್ರಣ ಮಾಡಿದರು, ಬ್ರಿಟನ್ ಪ್ರವಾಸವೂ ಆಯಿತು. ಆಮೇಲಿನ ಆಲ್ಬಂಗಳು ನಿಧಾನವಾಗಿ ಬಂದವು: 2012ರಲ್ಲಿ ‘ಟೋಪಿವಾಲೆ’, 2018ರಲ್ಲಿ ‘ರಾಹ್-ಎ-ಫಕೀರಾ’. ಹದಿನಾರು ವರ್ಷಕ್ಕೆ ಮೂರು ಆಲ್ಬಂ. ಸಮಪಾಲಿನ ಗೆಳೆತನ ತೆರುವ ಬೆಲೆಯಲ್ಲಿ ಈ ನಿಧಾನವೂ ಸೇರಿದೆ ಎಂದು ನನಗನ್ನಿಸುತ್ತದೆ.

ಹೋಲಿಕೆಗೆ ದೂರ ಹೋಗಬೇಕಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಊರಿನ ಗೆಳೆಯರು ನೀಲಕಂಠೇಶ್ವರ ನಾಟ್ಯ ಸೇವಾ ಸಂಘ ಕಟ್ಟಿದ್ದೂ ಹವ್ಯಾಸದ ಗೆಳೆತನದಿಂದಲೇ. ಆದರೆ ನೀನಾಸಮ್ ಗೆಳೆತನದ ಮೇಲಷ್ಟೇ ನಿಲ್ಲಲಿಲ್ಲ. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ ಬಂದವು. ತಿರುಗಾಟಕ್ಕೆ ಹೊರಡುವ ನಟರು ಬದಲಾಗುತ್ತಲೇ ಇರುತ್ತಾರೆ. ಹಿಂದೆ ಸಂಸ್ಥೆ ಇರುವುದರಿಂದ ಆಟ ನಿಲ್ಲುವುದಿಲ್ಲ. ರಾಕ್ ಬ್ಯಾಂಡಿಗೆ ಅಂಥ ಸಂಸ್ಥೆಯೂ ಇಲ್ಲ, ಊರೂ ಇಲ್ಲ. ಅಭ್ಯಾಸದ ಕೋಣೆಯ ಬಾಡಿಗೆ, ಆಂಪ್ಲಿಫೈಯರ್, ಪ್ರಯಾಣದ ಖರ್ಚು ಎಲ್ಲವನ್ನೂ ಸದಸ್ಯರೇ ಹೊಂದಿಸಿಕೊಳ್ಳಬೇಕು. ಇದನ್ನು ಬೇಗ ಗುರುತಿಸಿದವರು ಥರ್ಮಲ್‌ನ ಗೆಳೆಯರೇ ಇರಬೇಕು. ಟಾಕಾಡೆಮಿ ಎಂಬ ಸಂಗೀತ ಶಾಲೆ ತೆರೆದು ಮಕ್ಕಳಿಗೆ ಗಿಟಾರ್, ಡ್ರಮ್ಸ್ ಹೇಳಿಕೊಡತೊಡಗಿದರು. ರಘು ‘ಸೈಕೋ’, ‘ಜಸ್ಟ್ ಮಾತ್ ಮಾತಲ್ಲಿ’ ಚಿತ್ರಗಳಿಗೆ ಸಂಗೀತ ಕೊಟ್ಟರು. ಸ್ವತಂತ್ರ ಎನಿಸಿಕೊಂಡ ಸಂಗೀತಗಾರನೂ ಹೀಗೆ ಪಾಠ ಹೇಳಿಯೋ ಸಿನಿಮಾಕ್ಕೆ ದುಡಿದೋ ತನ್ನ ದಾರಿ ನೋಡಿಕೊಂಡ.